ಮೂರು ವರ್ಷ ಕಳೆದರೆ ಕೈ ಪಳಗುತ್ತಾ?

ಅಕ್ಕನ ಎಂಎಸ್ ಫೈನಲ್ ಪರೀಕ್ಷೆಗೆ ಕೆಲವೇ ದಿನ ಬಾಕಿ ಇತ್ತು. ರಾತ್ರಿ ಹನ್ನೊಂದು ಗಂಟೆ. ಊಟದ ಟೇಬಲ್ ಮೇಲೆ ಒಂದು ದಪ್ಪ ಪುಸ್ತಕ, ಒಂದು ಫ್ಲಾಸ್ಕ್ ಕಾಫಿ, ನಾಲ್ಕೈದು ಬೇರೆ ಬೇರೆ ಪೆನ್ನು. ಅವಳ ಮೊಬೈಲ್‌ನಲ್ಲಿದ್ದ ಹಳೇ ಡ್ಯೂಟಿ ಪಟ್ಟಿ ನೋಡಿ ನಾನು ತಾರೀಖು ಓದೋದು, ಅವಳು ಬರೆಯೋದು. ಇಷ್ಟೊಂದು ಪೆನ್ನು ಯಾಕೆ ಅಂತ ಕೇಳಿದೆ. “ಎಲ್ಲಾ ಒಂದೇ ದಿನ ಬರೆದ ಹಾಗೆ ಕಾಣಬಾರದಲ್ಲ” ಅಂದಳು.

ಆ ಪುಸ್ತಕದ ಹೆಸರು ಲಾಗ್‌ಬುಕ್. ಮೂರು ವರ್ಷದಲ್ಲಿ ಯಾವ ಆಪರೇಷನ್ ನೋಡಿದೆ, ಯಾವುದಕ್ಕೆ ಸಹಾಯ ಮಾಡಿದೆ, ಯಾವುದನ್ನು ಹಿರಿಯರು ಪಕ್ಕದಲ್ಲಿದ್ದಾಗ ಮಾಡಿದೆ, ಯಾವುದನ್ನು ಒಬ್ಬಳೇ ಮಾಡಿದೆ ಅಂತ ಅದರಲ್ಲಿ ದಾಖಲಿಸಬೇಕು. ಮರುದಿನ ಹತ್ತು ನಿಮಿಷದಲ್ಲಿ ಅಷ್ಟೂ ಪುಟಕ್ಕೆ ಸಹಿ ಬಿತ್ತಂತೆ. ಅಕ್ಕ ಕೆಲಸ ಮಾಡಿರಲಿಲ್ಲ ಅಂತಲ್ಲ. ಮಾಡಿದ್ದಕ್ಕಿಂತ ಕಡಿಮೆಯೇ ಬರೆದಿದ್ದಳು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ಅವಳಿಗೆ ಕೆಲಸ ಬರುತ್ತೆ ಅಂತ ಆ ಸಹಿ ಹಾಕಿದವರಿಗೆ ಹೇಗೆ ಗೊತ್ತು?

ನಾನು ಸಾಫ್ಟ್‌ವೇರ್‌ನವನು. ನನ್ನ ಕೋಡ್ ಕೆಟ್ಟರೆ ಹಿಂದಿನ ಆವೃತ್ತಿಗೆ ಮರಳಬಹುದು. ಅಕ್ಕನ ಕೆಲಸದಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಈ ಪ್ರಶ್ನೆಯ ಇತಿಹಾಸ ಹುಡುಕುತ್ತಾ ಹೋದೆ.

ಕತೆ ಶುರುವಾಗೋದು ಅಮೆರಿಕದ ಬಾಲ್ಟಿಮೋರ್‌ನಲ್ಲಿ, 1889ರಲ್ಲಿ. ಆಗಷ್ಟೇ ಬಾಗಿಲು ತೆರೆದಿದ್ದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್, ಜರ್ಮನ್ ಮಾದರಿಯನ್ನು ನೋಡಿಕೊಂಡು ತರಬೇತಿ ಪದ್ಧತಿಯೊಂದನ್ನು ಕಟ್ಟಿದ. ಕಲಿಯುವ ವೈದ್ಯ ಆಸ್ಪತ್ರೆಯಲ್ಲೇ ವಾಸ ಮಾಡಬೇಕು. ‘ರೆಸಿಡೆಂಟ್’ ಅನ್ನೋ ಪದದ ಮೂಲ ಅರ್ಥವೇ ಅದು. ಈ ಪದ್ಧತಿ ಪಿರಮಿಡ್ ಥರ. ಕೆಳಗೆ ಹಲವರು ಸೇರುತ್ತಾರೆ, ತುದಿಯಲ್ಲಿ ಒಬ್ಬ ಮಾತ್ರ ಮುಖ್ಯ ರೆಸಿಡೆಂಟ್ ಆಗುತ್ತಾನೆ. 33 ವರ್ಷದಲ್ಲಿ ಹಾಲ್‌ಸ್ಟೆಡ್ ಹೀಗೆ ತಯಾರು ಮಾಡಿದ್ದು 17 ಜನರನ್ನು.

ನನಗೆ ಆಶ್ಚರ್ಯ ಆಗಿದ್ದು ಇಲ್ಲಿ. ಈ ತರಬೇತಿಗೆ ನಿಗದಿತ ಅವಧಿಯೇ ಇರಲಿಲ್ಲ. ಹುಡುಗ ತಯಾರಾದ ಅಂತ ಹಾಲ್‌ಸ್ಟೆಡ್‌ಗೆ ಅನ್ನಿಸಿದ ದಿನ ತಯಾರು, ಅಷ್ಟೇ. ಒಂದರ್ಥದಲ್ಲಿ ಇದು ಸಾಮರ್ಥ್ಯ ನೋಡಿ ತೀರ್ಮಾನಿಸುವ ಪದ್ಧತಿಯೇ. ಆದರೆ ಅಳತೆಗೋಲು ಒಬ್ಬ ಮನುಷ್ಯನ ಕಣ್ಣು. ಆ ಕಣ್ಣಿನ ಮೇಲೆ ಯಾರ ಕಣ್ಣೂ ಇರಲಿಲ್ಲ. ಅರಿವಳಿಕೆಯಾಗಿ ಕೊಕೇನ್ ಬಳಸಬಹುದಾ ಅಂತ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಹಾಲ್‌ಸ್ಟೆಡ್ ಚಟಕ್ಕೆ ಬಿದ್ದಿದ್ದ. ಮುಂದೆ ಮಾರ್ಫಿನ್ ಕೂಡ ಸೇರಿಕೊಂಡಿತು. ಎಲ್ಲರನ್ನೂ ಅಳೆಯುತ್ತಿದ್ದವನನ್ನು ಅಳೆಯುವವರೇ ಇರಲಿಲ್ಲ.

ಇದು ನ್ಯಾಯವಲ್ಲ ಅಂತ ಅನ್ನಿಸಿದವರಲ್ಲಿ ಬಾಸ್ಟನ್‌ನ ಎಡ್ವರ್ಡ್ ಚರ್ಚಿಲ್ ಒಬ್ಬ. 1930ರ ದಶಕದ ಕೊನೆಯ ಹೊತ್ತಿಗೆ ಆತ ಪಿರಮಿಡ್ ಬಿಟ್ಟು ‘ಆಯತ’ ತಂದ. ಸೇರಿದವರನ್ನು ನಡುದಾರಿಯಲ್ಲಿ ಉದುರಿಸುವ ಬದಲು ಎಲ್ಲರನ್ನೂ ದಡ ಮುಟ್ಟಿಸೋಣ, ನಿಗದಿತ ವರ್ಷಗಳಲ್ಲಿ ಪೂರ್ತಿ ತರಬೇತಿ ಕೊಡೋಣ ಅಂತ. ಒಳ್ಳೇದೇ ಆಯ್ತು. ಆದರೆ ಗೊತ್ತಿಲ್ಲದ ಹಾಗೆ ಒಬ್ಬ ಗುರುವಿನ ಕಣ್ಣು ಇದ್ದ ಜಾಗಕ್ಕೆ ಕ್ಯಾಲೆಂಡರ್ ಬಂದು ಕೂತಿತು. ಇಷ್ಟು ವರ್ಷ ಇದ್ದಾನೆ, ಅಂದಮೇಲೆ ಕಲಿತಿರ್ತಾನೆ ಬಿಡಿ!

ಈ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದಿದ್ದು 1984ರ ಮಾರ್ಚ್‌ನಲ್ಲಿ. ಜ್ವರ, ನಡುಕ ಅಂತ ನ್ಯೂಯಾರ್ಕ್‌ನ ಆಸ್ಪತ್ರೆಯೊಂದಕ್ಕೆ ದಾಖಲಾದ 18 ವರ್ಷದ ಲಿಬಿ ಜಿಯಾನ್ ಬೆಳಗಾಗೋದ್ರೊಳಗೆ ತೀರಿಕೊಂಡಳು. ರಾತ್ರಿ ಅವಳನ್ನು ನೋಡಿಕೊಂಡಿದ್ದು ಕಿರಿಯ ರೆಸಿಡೆಂಟ್‌ಗಳು. ಹಿರಿಯ ವೈದ್ಯರು ಫೋನ್‌ನಲ್ಲಿದ್ದರು. ಅವಳು ಮೊದಲೇ ತಗೊಳ್ತಿದ್ದ ಖಿನ್ನತೆಯ ಮಾತ್ರೆಯ ಜೊತೆ ಸೇರಬಾರದ ಔಷಧವೊಂದನ್ನು ಕೊಡಲಾಗಿತ್ತು. ಅಪ್ಪ ಸಿಡ್ನಿ ಜಿಯಾನ್ ಪತ್ರಕರ್ತ, ಸುಮ್ಮನೆ ಕೂರಲಿಲ್ಲ. ಬರ್ಟ್ರಂಡ್ ಬೆಲ್ ಎಂಬ ವೈದ್ಯರ ನೇತೃತ್ವದಲ್ಲಿ ಸಮಿತಿ ಆಯ್ತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ರೆಸಿಡೆಂಟ್‌ಗಳ ಕೆಲಸವನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು. 2003ರಲ್ಲಿ ಇಡೀ ಅಮೆರಿಕಕ್ಕೆ ಇದೇ ಮಿತಿ ಬಂತು.

ಜನ ನೆನಪಿಟ್ಟುಕೊಂಡಿದ್ದು ಈ 80 ಗಂಟೆಯನ್ನು. ಆದರೆ ಗಂಟೆಗಿಂತ ಮುಖ್ಯವಾದದ್ದು ಮೇಲ್ವಿಚಾರಣೆ ಅಂತ ಬೆಲ್ ಹೇಳುತ್ತಲೇ ಬಂದರು. ಗಂಟೆ ಎಣಿಸೋದು ಸುಲಭ. ಪಕ್ಕದಲ್ಲಿ ಯಾರು ನಿಂತಿದ್ದರು ಅಂತ ಎಣಿಸೋದು ಕಷ್ಟ.

ಇಷ್ಟರಲ್ಲಿ ಇನ್ನೊಂದು ಕಡೆಯಿಂದ ಪರೀಕ್ಷೆಯ ವಿಧಾನವೇ ಬದಲಾಗುತ್ತಿತ್ತು. 1975ರಲ್ಲಿ ಸ್ಕಾಟ್ಲೆಂಡ್‌ನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ‘ಓಸ್ಕಿ’ ಎಂಬ ಪರೀಕ್ಷೆಯನ್ನು ಜಗತ್ತಿನ ಮುಂದಿಟ್ಟರು. ಅದೃಷ್ಟದಿಂದ ಸಿಕ್ಕ ಒಬ್ಬ ರೋಗಿ, ಮೂಡಿನ ಮೇಲೆ ನಿಂತ ಒಬ್ಬ ಪರೀಕ್ಷಕ ಅನ್ನೋದರ ಬದಲು ಹಲವು ಸ್ಟೇಷನ್, ಎಲ್ಲರಿಗೂ ಒಂದೇ ಕೆಲಸ, ಒಂದೇ ಅಂಕಪಟ್ಟಿ. 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲಿಯಂ ಮೆಕ್‌ಗೇಗೀ ಮತ್ತು ಜೊತೆಗಾರರು ಬರೆದ ಪುಟ್ಟ ಪುಸ್ತಕ, ಸಾಮರ್ಥ್ಯವನ್ನೇ ಪಠ್ಯಕ್ರಮದ ಅಡಿಪಾಯ ಮಾಡಿ ಅಂತ ವಾದಿಸಿತು. 1990ರಲ್ಲಿ ಜಾರ್ಜ್ ಮಿಲ್ಲರ್ ಇದನ್ನು ನಾಲ್ಕು ಮೆಟ್ಟಿಲಾಗಿ ಬಿಡಿಸಿಟ್ಟ: ಗೊತ್ತಿದೆ, ಹೇಗೆ ಅಂತ ಗೊತ್ತಿದೆ, ಮಾಡಿ ತೋರಿಸ್ತಾನೆ, ನಿಜವಾಗಿ ಮಾಡ್ತಾನೆ. ಥಿಯರಿ ಪೇಪರ್ ಮುಟ್ಟೋದು ಮೊದಲೆರಡು ಮೆಟ್ಟಿಲು. ಓಸ್ಕಿ ಮುಟ್ಟೋದು ಮೂರನೆಯದು. ನಾಲ್ಕನೆಯದನ್ನು ನೋಡಬೇಕಾದರೆ ವಾರ್ಡಿಗೇ ಹೋಗಬೇಕು.

ಅಲ್ಲಿಂದ ಮುಂದೆ ಓಟ ಜೋರಾಯ್ತು. 1999ರಲ್ಲಿ ಅಮೆರಿಕದ ರೆಸಿಡೆನ್ಸಿ ಮಾನ್ಯತಾ ಮಂಡಳಿ ಆರು ಸಾಮರ್ಥ್ಯಗಳನ್ನು ಪಟ್ಟಿ ಮಾಡಿತು. 2013ರಿಂದ ಪ್ರತಿ ರೆಸಿಡೆಂಟ್ ಯಾವ ಮೈಲಿಗಲ್ಲಿನಲ್ಲಿದ್ದಾನೆ ಅಂತ ವರದಿ ಕಳಿಸೋದು ಶುರುವಾಯ್ತು. ಟೊರಾಂಟೊ ವಿಶ್ವವಿದ್ಯಾಲಯದ ಮೂಳೆ ಶಸ್ತ್ರಚಿಕಿತ್ಸಾ ವಿಭಾಗ 2009ರಲ್ಲೇ ಪ್ರಯೋಗಕ್ಕಿಳಿದಿತ್ತು. ಅಲ್ಲಿ ಕೆಲವರು ಮಾಮೂಲಿ ಐದು ವರ್ಷಕ್ಕಿಂತ ಮುಂಚೆಯೇ ಮುಗಿಸಿದರು. 2017ರಲ್ಲಿ ಕೆನಡಾ ಇದನ್ನು ದೇಶದ ಮಟ್ಟದಲ್ಲಿ, ಒಂದೊಂದೇ ವಿಭಾಗವಾಗಿ ತರಲು ಶುರು ಮಾಡಿತು.

ಈ ಸಾಲಿನಲ್ಲಿ ನನಗೆ ತುಂಬಾ ಹಿಡಿಸಿದ್ದು ನೆದರ್ಲೆಂಡ್ಸ್‌ನ ಓಲೆ ಟೆನ್ ಕಾಟೆ 2005ರಲ್ಲಿ ಮುಂದಿಟ್ಟ ಯೋಚನೆ. ಅವರು ಅಂಕ ಬಿಟ್ಟು ನಂಬಿಕೆಯನ್ನು ಹಿಡಿದರು. ಈ ಕೆಲಸವನ್ನು ಇವಳಿಗೆ ವಹಿಸಬಹುದಾ? ಬರೀ ನೋಡಲಿ; ನಾನು ಪಕ್ಕದಲ್ಲಿದ್ದರೆ ಮಾಡಲಿ; ಕರೆದರೆ ಬರೋ ದೂರದಲ್ಲಿದ್ದರೆ ಮಾಡಲಿ; ಒಬ್ಬಳೇ ಮಾಡಲಿ; ಇನ್ನೊಬ್ಬರಿಗೆ ಕಲಿಸಲಿ. ಹೀಗೆ ಐದು ಹಂತ. ಎಲ್ಲಾ ಹಿರಿಯ ವೈದ್ಯರೂ ರಾತ್ರಿ ಮನೆಗೆ ಹೊರಡುವಾಗ ಮನಸ್ಸಿನಲ್ಲೇ ಮಾಡೋ ಲೆಕ್ಕ ಇದು. ಓಲೆ ಅದನ್ನು ಕಾಗದಕ್ಕೆ ತಂದರು.

ನೋಡಿ, ಅಕ್ಕನ ಲಾಗ್‌ಬುಕ್‌ನ ಕಾಲಂಗಳೂ ಹೆಚ್ಚುಕಮ್ಮಿ ಇದೇ ಏಣಿ! ನಮ್ಮಲ್ಲಿ ಹೆಸರಿಗೇನೂ ಕೊರತೆ ಇಲ್ಲ. 2019ರಿಂದ ಎಂಬಿಬಿಎಸ್ ಸಾಮರ್ಥ್ಯಾಧಾರಿತ ಆಯ್ತು. ಸ್ನಾತಕೋತ್ತರ ಮಾರ್ಗಸೂಚಿಗಳ ತಲೆಬರಹದಲ್ಲೂ ಅದೇ ಪದ ಇದೆ. ಆದರೆ ಎಂಎಸ್ ಅಂದರೆ ಇವತ್ತಿಗೂ ಮೂರು ವರ್ಷ, ಬೇಗ ಕಲಿತವರಿಗೂ ನಿಧಾನಕ್ಕೆ ಕಲಿತವರಿಗೂ. ಓಪಿಡಿ ಮುಂದೆ ಬೆಳಗ್ಗೆಯಿಂದಲೇ ಸಾಲು ನಿಂತಿರುವಾಗ, ಒಬ್ಬ ರೆಸಿಡೆಂಟ್‌ನ ಕೈಯನ್ನೇ ಇಪ್ಪತ್ತು ನಿಮಿಷ ನೋಡುತ್ತಾ ನಿಲ್ಲಲು ಪ್ರೊಫೆಸರಿಗೆ ಎಲ್ಲಿಂದ ಸಮಯ? ಇದು ನಮ್ಮ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಕೆನಡಾದಲ್ಲೂ ರೆಸಿಡೆಂಟ್‌ಗಳ ದೊಡ್ಡ ದೂರು ಅಂದರೆ, ಫಾರ್ಮ್ ತುಂಬಿಸಿಕೊಳ್ಳಲು ಹಿರಿಯರ ಹಿಂದೆ ಅಲೆಯೋದು. ನಮ್ಮ ಆಫೀಸಿನ ಅಪ್ರೈಸಲ್ ಕಂಡವರಿಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಒಂದು ತರಬೇತಿ ಸರಿಯಿದೆಯಾ ಅಂತ ನೋಡೋದು ಹೇಗೆ? ಎಷ್ಟು ಫಾರ್ಮ್ ತುಂಬಿದೆ ಅಂತ ಎಣಿಸಿದರೆ ಮತ್ತೆ ಗಂಟೆ ಎಣಿಸಿದ ಹಾಗೇ ಆಯ್ತು. ಯಾವುದಾದರೂ ಒಂದು ಫಾರ್ಮ್ ತೆಗೆದು, ಅಲ್ಲಿದ್ದು ಕಣ್ಣಾರೆ ನೋಡಿದವರು ಮಾತ್ರ ಬರೆಯಬಹುದಾದ ಒಂದು ಸಾಲಾದರೂ ಅದರಲ್ಲಿದೆಯಾ ಅಂತ ನೋಡಬೇಕು. ಇಲ್ಲದಿದ್ದರೆ ಕ್ಯಾಲೆಂಡರ್ ಹೋಗಿ ಸೀಲು ಬಂತು, ಅಷ್ಟೇ ವ್ಯತ್ಯಾಸ.

ಆ ರಾತ್ರಿ ಅಕ್ಕನನ್ನು ಕೇಳಿದ್ದೆ, ನಿನ್ನ ಕೆಲಸವನ್ನ ನಿಜವಾಗಿ ಯಾರಾದ್ರೂ ನೋಡಿದಾರಾ ಅಂತ. ಸ್ವಲ್ಪ ಹೊತ್ತು ಯೋಚಿಸಿ, ಒಬ್ಬರು ಮೇಡಂ ಬಗ್ಗೆ ಹೇಳಿದಳು. ಅವಳ ಮೊದಲ ಅಪೆಂಡಿಕ್ಸ್ ಆಪರೇಷನ್ ಮುಗಿಯುವ ತನಕ ಅವರು ಎದುರಿಗೆ ಕೈಕಟ್ಟಿ ನಿಂತಿದ್ದರಂತೆ. ಒಂದು ಸಲವೂ ಕೈ ಹಾಕಲಿಲ್ಲ. ಮುಗಿದ ಮೇಲೆ, “ಗಂಟು ಹಾಕುವಾಗ ನಿನ್ನ ಎಡಗೈ ಅವಸರ ಮಾಡುತ್ತೆ” ಅಂದರಂತೆ. ಲಾಗ್‌ಬುಕ್‌ನಲ್ಲಿ ಆ ಮಾತು ಬರೆಯಲು ಜಾಗ ಇರಲಿಲ್ಲ.

ಅಕ್ಕ ಈಗ ತಾನೇ ಕಲಿಸ್ತಾಳೆ. ಕಳೆದ ತಿಂಗಳು ಅವಳ ಹುಟ್ಟುಹಬ್ಬದ ದಿನ ಊಟಕ್ಕೆ ಎಲ್ಲರೂ ಕಾಯ್ತಾ ಇದ್ದಾಗ ಫೋನ್ ಮಾಡಿದಳು. “ನೀವು ಶುರು ಮಾಡಿ. ನನ್ನ ಜೂನಿಯರ್ ಇವತ್ತು ಮೊದಲ ಸಲ ಒಬ್ಬನೇ ಮಾಡ್ತಿದಾನೆ. ನಾನು ಎದುರಿಗೆ ನಿಂತಿರ್ಬೇಕು.”