ಮಜ್ಜಿಗೆ ಬಣ್ಣದ ಸೀರಮ್

1983ರ ಮಳೆಗಾಲದ ಒಂದು ಬೆಳಿಗ್ಗೆ. ನೌಪಾಡಾದ ಗೋಖಲೆ ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯಲ್ಲಿ ನಮ್ಮ ಸಣ್ಣ ಲ್ಯಾಬು. ಸೆಂಟ್ರಿಫ್ಯೂಜ್ ನಿಂತ ಮೇಲೆ ಮುಚ್ಚಳ ತೆಗೆದೆ. ಆರು ಟ್ಯೂಬುಗಳಲ್ಲಿ ಐದರಲ್ಲಿ ರಕ್ತದ ಗಡ್ಡೆ ತಳಕ್ಕಿಳಿದು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಂತಿತ್ತು. ಆರನೆಯದರಲ್ಲಿ ನಿಂತದ್ದು ನೀರುಮಜ್ಜಿಗೆ. ಕಿಟಕಿಯ ಬೆಳಕಿಗೆ ಹಿಡಿದರೆ ಟ್ಯೂಬಿನ ಆಚೆಗಿದ್ದ ನನ್ನ ಬೆರಳೇ ಕಾಣಲಿಲ್ಲ.

ರಕ್ತ ಕೊಟ್ಟವರು ಕುಂದಾಪುರದ ಕಡೆಯವರು. ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ವಯಸ್ಸು 42. ಅವರಿನ್ನೂ ಬೆಂಚಿನ ಮೇಲೆ ಹತ್ತಿ ಒತ್ತಿಕೊಂಡು ಕೂತಿದ್ದರು. ಹೊರಗೆ ಬಂದು ಕೇಳಿದೆ.

"ಅಣ್ಣ, ಬೆಳಿಗ್ಗೆ ಏನಾದರೂ ತಗೊಂಡಿದ್ರಾ?"

"ಇಲ್ಲ ಅಕ್ಕಾ, ಚಾ ಸಹ ಕುಡೀಲಿಲ್ಲ. ರಾತ್ರಿ ಎಂಟಕ್ಕೆ ಉಂಡದ್ದು."

ವೈದ್ಯರ ಚೀಟಿಯಲ್ಲಿ ಬರೆದಿದ್ದದ್ದು ಒಂದೇ ಪರೀಕ್ಷೆ: ಸೀರಮ್ ಕೊಲೆಸ್ಟರಾಲ್. ಮಾಡಿದೆ. 212 ಬಂತು. ಆಗ ನಾವು 250ರವರೆಗೂ ನಾರ್ಮಲ್ ಎಂದು ಅಚ್ಚು ಹಾಕಿಸಿದ್ದ ಕಾಗದ ಕೊಡುತ್ತಿದ್ದೆವು. 212 ಎಂದು ಬರೆದು ಸಹಿ ಹಾಕಿದೆ. ಬಿಳಿ ಸೀರಮ್ಮಿನ ಬಗ್ಗೆ ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ, ನಾನೂ ಜಾಗ ಮಾಡಿಕೊಳ್ಳಲಿಲ್ಲ. ದೀಪಾವಳಿಗೆ ಮೊದಲೇ ಅವರು ಗಲ್ಲಾದ ಮೇಲೆಯೇ ಕುಸಿದರು ಎಂದು ಹೋಟೆಲಿನ ಹುಡುಗ ಬಂದು ಹೇಳಿದ. ಕಣ್ಣು ಕಂಡದ್ದನ್ನು ಕೈ ಬರೆಯಲಿಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. ರಕ್ತದ ಕೊಬ್ಬಿನ ಚರಿತ್ರೆಯನ್ನು ನಾನು ಹುಡುಕಿಕೊಂಡು ಓದಿದ್ದು ಆ ನೋವಿನಿಂದ. ಓದುತ್ತಾ ಹೋದಂತೆ ನನಗೆ ಅನಿಸಿದ್ದು ಇದು: ಈ ಚರಿತ್ರೆಯೆಲ್ಲ ರಿಪೋರ್ಟಿನ ಕಾಗದಕ್ಕೆ ಒಂದೊಂದೇ ಸಾಲು ಸೇರಿದ ಕತೆ. ಪ್ರತಿ ಸಾಲೂ ತಡವಾಗಿ ಬಂತು.

ಆ ಕಾಲದ ಕೆಲಸವನ್ನು ಸ್ವಲ್ಪ ಹೇಳಬೇಕು, ಈಗಿನವರು ನೋಡಿರುವುದಿಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಠಾಣೆಗೆ ಬಂದು, ಇಲ್ಲಿ ಲ್ಯಾಬಿನ ಡಿಪ್ಲೊಮಾ ಮಾಡಿ, 1979ರಲ್ಲಿ ಕೆಲಸಕ್ಕೆ ಸೇರಿದೆ. ಕೊಲೆಸ್ಟರಾಲಿಗೆ ನಮ್ಮದು ಫೆರಿಕ್ ಕ್ಲೋರೈಡ್ ವಿಧಾನ. ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಫೆರಿಕ್ ಕ್ಲೋರೈಡಿಗೆ ಒಂದು ಹನಿಯಷ್ಟು ಸೀರಮ್ ಹಾಕಿ, ಬ್ಯೂರೆಟ್ಟಿನಿಂದ ಗಟ್ಟಿ ಸಲ್ಫ್ಯೂರಿಕ್ ಆಮ್ಲವನ್ನು ಟ್ಯೂಬಿನ ಗೋಡೆಗುಂಟ ಇಳಿಬಿಡಬೇಕು. ಅಲುಗಿಸಿದ ತಕ್ಷಣ ಟ್ಯೂಬು ಕೈ ಸುಡುವಷ್ಟು ಬಿಸಿಯಾಗುತ್ತದೆ. ವಿನೆಗರಿನ ಘಾಟು ಮೂಗಿಗೆ ಹೊಡೆಯುತ್ತದೆ. ನಿಧಾನವಾಗಿ ನೇರಳೆ ಹಣ್ಣು ಹಿಸುಕಿದ ಬಣ್ಣ ಏಳುತ್ತದೆ. ಕೊಲೆಸ್ಟರಾಲ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಕಲರಿಮೀಟರಿಗೆ ಹಸಿರು ಫಿಲ್ಟರ್ ಹಾಕಿ, ಮೊದಲು ಬ್ಲ್ಯಾಂಕ್, ಆಮೇಲೆ ಸ್ಟ್ಯಾಂಡರ್ಡ್, ಕೊನೆಗೆ ರೋಗಿಯದು ಓದಬೇಕು. ನನ್ನ ಸೀರೆಗಳಿಗೆಲ್ಲ ಆಸಿಡ್ಡಿನ ತೂತು. ಅತ್ತೆ ಅವನ್ನು ಕೌದಿಗೆ ಎತ್ತಿಡುತ್ತಿದ್ದರು.

ಕೊಲೆಸ್ಟರಾಲ್ ಮೊದಲು ಸಿಕ್ಕಿದ್ದು ರಕ್ತದಲ್ಲಲ್ಲ, 18ನೆಯ ಶತಮಾನದ ಫ್ರಾನ್ಸಿನಲ್ಲಿ, ಪಿತ್ತಕೋಶದ ಕಲ್ಲಿನಲ್ಲಿ. ಅದಕ್ಕೂ ಹೃದಯಕ್ಕೂ ಗಂಟು ಹಾಕಿದ್ದು 1913ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯ್ ಅನಿಚ್ಕೋವ್. ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟರಾಲ್ ಕರಗಿಸಿ ತಿನ್ನಿಸಿದರು. ಮೊಲಗಳ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಗೆರೆಗಳು ಕೂತವು. ಮೊಲ ಸೊಪ್ಪು ತಿನ್ನುವ ಪ್ರಾಣಿ, ಮನುಷ್ಯನಿಗೆ ಅದು ಹೊಂದುವುದಿಲ್ಲ ಎಂದು ಬಹಳ ಮಂದಿ ತಳ್ಳಿಹಾಕಿದರು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ಕೊಲೆಸ್ಟರಾಲ್ ಹೆಚ್ಚಿದ್ದವರಿಗೆ ಹೃದಯಾಘಾತ ಹೆಚ್ಚು ಎಂಬುದು ಅಲ್ಲಿ ಗಟ್ಟಿಯಾಯಿತು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಜಾನ್ ಗೋಫ್‌ಮನ್ ಸೀರಮ್ಮನ್ನು ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಕೊಬ್ಬು ಒಂದೇ ಬಗೆಯ ಮೂಟೆಯಲ್ಲಿ ಹೋಗುವುದಿಲ್ಲ, ಹಗುರ ಭಾರದ ಬೇರೆ ಬೇರೆ ಮೂಟೆಗಳಲ್ಲಿ ಹೋಗುತ್ತದೆ ಎಂದು ತೋರಿಸಿದರು. ಮೂಟೆಗಳ ಈ ವಿಷಯ ಗೊತ್ತಾಗಿ ಮೂವತ್ತು ವರ್ಷದ ಮೇಲೂ ನಮ್ಮ ಗಲ್ಲಿಯ ಕಾಗದದಲ್ಲಿ ಇದ್ದದ್ದು ಒಂದೇ ಸಾಲು.

ಆದರೆ ನಮ್ಮವರ ಕತೆ ಫ್ರೇಮಿಂಗ್‌ಹ್ಯಾಮಿನದಲ್ಲ, ರೈಲಿನದು. ನನ್ನ ಮಾವನವರು ಧಾರವಾಡದವರು, ಠಾಣೆ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್. 1853ರ ಏಪ್ರಿಲ್ 16ರಂದು ಈ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿ ಬಂದರಿನಿಂದ 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಇದೇ ಠಾಣೆಯಲ್ಲಿ. ಆ ಹೆಮ್ಮೆ ಮಾವನವರಿಗೆ ಬಹಳವಿತ್ತಂತೆ. ನಾನು ಅವರನ್ನು ನೋಡಿಲ್ಲ. 1961ರಲ್ಲಿ, 46ನೆಯ ವಯಸ್ಸಿನಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಅತ್ತೆ ಆ ಮಾತು ಬಂದಾಗಲೆಲ್ಲ ಹೇಳುತ್ತಿದ್ದರು: "ಜೋಳದ ರೊಟ್ಟಿ, ಕುಸುಬಿ ಎಣ್ಣಿ ತಿಂದ ಮೈ ಅದು. ಒಂದ್ ದಿನಾ ಜ್ವರಾ ಅಂತ ಮಲಗಿದವರಲ್ಲ. ಹೆಂಗ ಹೋದ್ರವ್ವಾ?"

ಆ ಪ್ರಶ್ನೆಯನ್ನು ಅದೇ ಕಾಲದಲ್ಲಿ, ಇಲ್ಲೇ ಮುಂಬಯಿಯಲ್ಲಿ ಒಬ್ಬರು ಕೇಳಿಕೊಂಡಿದ್ದರು ಎಂಬುದು ನನಗೆ ಗೊತ್ತಾದದ್ದು 1980ರ ದಶಕದ ಕೊನೆಗೆ, ನಮ್ಮ ಲ್ಯಾಬಿಗೆ ಬರುತ್ತಿದ್ದ ವೈದ್ಯರೊಬ್ಬರು ಒಂದು ಹಳೆಯ ಲೇಖನದ ಝೆರಾಕ್ಸ್ ಕೊಟ್ಟಾಗ. ಬರೆದವರು ಪಶ್ಚಿಮ ರೈಲ್ವೆಯ ಮುಖ್ಯ ವೈದ್ಯಾಧಿಕಾರಿ ಎಸ್. ಎಲ್. ಮಲ್ಹೋತ್ರಾ. ಬ್ರಿಟಿಷ್ ಹಾರ್ಟ್ ಜರ್ನಲ್, 1967. ರೈಲ್ವೆಯ ಹನ್ನೊಂದು ಲಕ್ಷಕ್ಕೂ ಹೆಚ್ಚು ನೌಕರರಲ್ಲಿ ಯಾರು ಯಾವ ಕಾಯಿಲೆಯಿಂದ ಸತ್ತರು ಎಂಬ ದಾಖಲೆಗಳನ್ನು ಅವರು ವಲಯವಾರು ಕೂಡಿಸಿದ್ದರು. ಗುಮಾಸ್ತ, ಗ್ಯಾಂಗ್‌ಮನ್, ಫಿಟ್ಟರ್, ಅಧಿಕಾರಿ ಎಲ್ಲರೂ ಆ ಲೆಕ್ಕದಲ್ಲಿದ್ದರು. ಬಂದ ಉತ್ತರ ಎಲ್ಲರ ನಂಬಿಕೆಗೂ ತಿರುಗುಮುರುಗು. ದಕ್ಷಿಣದ ನೌಕರರಲ್ಲಿ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾವು ಪಂಜಾಬಿನವರಿಗಿಂತ ಏಳು ಪಟ್ಟು. ಪಂಜಾಬಿನವರೋ 8ರಿಂದ 19 ಪಟ್ಟು ಹೆಚ್ಚು ಕೊಬ್ಬು ತಿನ್ನುವವರು, ಅದೂ ಹೆಚ್ಚಾಗಿ ಹಾಲು ತುಪ್ಪದ್ದು. ಸಾಯುವ ಸರಾಸರಿ ವಯಸ್ಸು ಅವರದು 52, ನಮ್ಮವರದು 44.

44 ಎಂದು ಓದಿದಾಗ ನಾನು ಝೆರಾಕ್ಸನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಾವನವರ 46 ಅದರ ಪಕ್ಕದಲ್ಲೇ ಇತ್ತು.

ತುಪ್ಪ ಒಳ್ಳೆಯದು, ಬೀಜದ ಎಣ್ಣೆ ಕೆಟ್ಟದ್ದು ಎಂಬ ದಿಕ್ಕಿಗೆ ಮಲ್ಹೋತ್ರಾ ವಾದ ಹೋಗುತ್ತದೆ. ಇವತ್ತಿಗೂ ತುಪ್ಪದ ಪರವಾಗಿ ಮಾತಾಡುವವರು ಅದನ್ನೇ ಎತ್ತಿಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮರಣದ ದಾಖಲೆಯಲ್ಲಿ ಬರೆದ ಕಾರಣವನ್ನೇ ನಂಬಿ ಮಾಡಿದ ಲೆಕ್ಕ ಅದು. ಒಂದು ವಲಯಕ್ಕೂ ಇನ್ನೊಂದಕ್ಕೂ ನಡುವೆ ಎಣ್ಣೆಯೊಂದೇ ಬೇರೆಯಲ್ಲ, ಅಕ್ಕಿ ಗೋಧಿ ಬೇರೆ, ಮೈಯ ಕಟ್ಟು ಬೇರೆ. ಆದರೆ ಅವರು ಕೈಯಿಟ್ಟು ತೋರಿಸಿದ ಗಾಯ ನಿಜ. ಕಡಿಮೆ ಕೊಬ್ಬು ತಿಂದು, ತೆಳ್ಳಗಿದ್ದು, ನಲವತ್ತರ ಆಸುಪಾಸಿನಲ್ಲಿ ಸಾಯುವ ಜನ ನಾವು ಎಂದು ಮೊದಲು ಲೆಕ್ಕ ಹಾಕಿ ಹೇಳಿದವರಲ್ಲಿ ಅವರೊಬ್ಬರು.

ಅದಕ್ಕೊಂದು ಉತ್ತರದ ತುಂಡು ನನ್ನೂರಿನಲ್ಲೇ ಸಿಕ್ಕಿತು. ನಾನು ಹುಟ್ಟಿದ್ದು 1953ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಊರಿನವರಿಗೆ ಅದು ಮಿಷನ್ ಆಸ್ಪತ್ರೆ. ಅಲ್ಲಿಯ ಹೆರಿಗೆ ವಾರ್ಡಿನಲ್ಲಿ 1934ರಿಂದಲೂ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಮೈಸೂರಿನವರ ಜೊತೆ ಕೂಡಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಊರಲ್ಲೇ ಉಳಿದಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿತು. 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ, 3.1 ಕಿಲೋ ಮೀರಿದ್ದವರಲ್ಲಿ ನೂರಕ್ಕೆ 3. ನಲವತ್ತೈದು ದಾಟಿದವರಲ್ಲಿ, ಸಣ್ಣ ಮಗುವಾಗಿ ಹುಟ್ಟಿ, ತಾಯಿಯೂ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 20. ನಮಗೆ ಗೊತ್ತಿರುವ ಬೇರೆ ಕಾರಣಗಳನ್ನು ಲೆಕ್ಕಕ್ಕೆ ಹಿಡಿದರೂ ಈ ವ್ಯತ್ಯಾಸ ಬಹುಮಟ್ಟಿಗೆ ಉಳಿಯಿತು.

ನಾನು ಠಾಣೆಗೆ ಬಂದುಬಿಟ್ಟಿದ್ದೆ, ಹಾಗಾಗಿ ಆ 517ರಲ್ಲಿಲ್ಲ. ಅಮ್ಮ ಹೇಳುತ್ತಿದ್ದರು, ನೀನು ಹುಟ್ಟಿದಾಗ ಐದು ರಾತಲು, ನರ್ಸಮ್ಮ ಹತ್ತಿಯಲ್ಲಿ ಸುತ್ತಿ ಕೊಟ್ಟರು ಅಂತ. ಯುದ್ಧದ ವರ್ಷಗಳಲ್ಲೂ ಆಮೇಲಿನ ರೇಷನ್ನಿನ ದಿನಗಳಲ್ಲೂ ಹಸಿದುಕೊಂಡೇ ಬಸುರಾದ ಹೆಂಗಸರ ತೂಕವನ್ನು ಯಾರೋ ನರ್ಸ್ ತಪ್ಪದೆ ಬರೆದಿಟ್ಟಳಲ್ಲ, ಆ ಕೈಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಮುಗಿದಿದ್ದೇನೆ. ಕಂಡದ್ದನ್ನು ಬರೆದವಳು ಅವಳು.

1980ರ ದಶಕದ ನಡುವಿಗೆ ನಮ್ಮ ಲ್ಯಾಬಿಗೆ ಎನ್‌ಜೈಮ್ ಕಿಟ್ ಬಂತು. ಆಸಿಡ್ ಹೋಗಿ ತಿಳಿ ಗುಲಾಬಿ ಬಣ್ಣ. ಸೀರಮ್ಮನ್ನು ಬೆಳ್ಳಗಾಗಿಸುವ ಕೊಬ್ಬು ಟ್ರೈಗ್ಲಿಸರೈಡ್, ಅದರ ಪರೀಕ್ಷೆಯೂ ಬಂತು. ಆ ಗಲ್ಲಾದ ಅಣ್ಣನ ಮಜ್ಜಿಗೆಗೆ ಕೊನೆಗೂ ಒಂದು ಸಾಲು ಸಿಕ್ಕಿತು. ಭಾರದ, ಒಳ್ಳೆಯ ಮೂಟೆಯಾದ ಎಚ್‌ಡಿಎಲ್ ಅಳೆಯಲು ಸೀರಮ್ಮಿಗೆ ಫಾಸ್ಫೋಟಂಗ್‌ಸ್ಟೇಟ್, ಮೆಗ್ನೀಸಿಯಮ್ ಹಾಕಿ ತಿರುಗಿಸಿದರೆ ಉಳಿದ ಮೂಟೆಗಳೆಲ್ಲ ಬಿಳಿ ಗಸಿಯಾಗಿ ತಳ ಸೇರುತ್ತವೆ, ಮೇಲೆ ಉಳಿದದ್ದು ಎಚ್‌ಡಿಎಲ್. ಕೆಟ್ಟ ಮೂಟೆಯಾದ ಎಲ್‌ಡಿಎಲ್ ಅಳೆಯುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದೆವು: ಒಟ್ಟು ಕೊಲೆಸ್ಟರಾಲಿನಲ್ಲಿ ಎಚ್‌ಡಿಎಲ್ ಕಳೆ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆ. 1972ರ ಫ್ರೀಡ್‌ವಾಲ್ಡ್ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ಕೈಕೊಡುತ್ತದೆ, ಅದನ್ನು ನಾನು ಹೊಸ ಹುಡುಗಿಯರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದೆ. ಟ್ರೈಗ್ಲಿಸರೈಡಿಗಾಗಿಯೇ ಹನ್ನೆರಡು ಗಂಟೆಯ ಉಪವಾಸ. ಬೆಳಿಗ್ಗೆ ಏಳಕ್ಕೇ ಬಾಗಿಲಲ್ಲಿ ಸಾಲು, ರಕ್ತ ಕೊಟ್ಟವರು ನೇರ ಮಿಸಳ್ ತಿನ್ನಲು ಓಟ. 2016ರಲ್ಲಿ ಯೂರೋಪಿನ ತಜ್ಞರು ಸಾಮಾನ್ಯವಾಗಿ ಉಪವಾಸ ಬೇಕಿಲ್ಲ ಎಂದು ಹೇಳುವ ಹೊತ್ತಿಗೆ ನಾನು ಕೆಲಸ ಬಿಟ್ಟು ಮೂರು ವರ್ಷವಾಗಿತ್ತು.

ಲಕ್ವದ ವಿಷಯ ಇದಕ್ಕಿಂತ ಗೋಜಲು. 1989ರಲ್ಲಿ ಅತ್ತೆಗೆ ಬಲಗಡೆ ಬಿದ್ದುಹೋಯಿತು, ಮಾತು ನಿಂತಿತು. ಕೊಲೆಸ್ಟರಾಲ್ ನಾನೇ ಮಾಡಿದೆ, ಹೇಳುವಂಥ ಹೆಚ್ಚೇನಿರಲಿಲ್ಲ. ಸ್ಕ್ಯಾನ್ ಬರುವ ಮೊದಲು ಮಿದುಳಿನಲ್ಲಿ ಗಡ್ಡೆ ಕಟ್ಟಿತೋ ನಾಳ ಒಡೆಯಿತೋ ಜೀವವಿದ್ದಾಗ ಖಚಿತವಾಗಿ ಹೇಳುವುದು ಕಷ್ಟವಿತ್ತು. ಎರಡನ್ನೂ ಒಂದೇ ಚೀಲಕ್ಕೆ ಹಾಕಿದಷ್ಟು ದಿನ ಕೊಲೆಸ್ಟರಾಲಿಗೂ ಲಕ್ವಕ್ಕೂ ನಂಟೇ ಕಾಣಲಿಲ್ಲ. 1989ರಲ್ಲೇ ಅಮೆರಿಕದ ಮೂರೂವರೆ ಲಕ್ಷ ಗಂಡಸರ ಲೆಕ್ಕ ಬಂದಾಗ ಗಂಟು ಬಿಚ್ಚಿತು: ಗಡ್ಡೆಯ ಲಕ್ವದ ಸಾವು ಕೊಲೆಸ್ಟರಾಲ್ ಏರಿದಂತೆ ಏರುತ್ತದೆ, ರಕ್ತ ಸೋರುವ ಲಕ್ವದ್ದು ಕೊಲೆಸ್ಟರಾಲ್ ತೀರ ಕಡಿಮೆ ಇದ್ದವರಲ್ಲಿ ಹೆಚ್ಚು. ಒಂದು ಇನ್ನೊಂದನ್ನು ಮುಚ್ಚಿಬಿಟ್ಟಿತ್ತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಗಡ್ಡೆಯ ಲಕ್ವಕ್ಕೂ ತಡೆಯಾಗುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಆ ಮಾತ್ರೆಯ ಮೂಲ 1973ರಲ್ಲಿ ಜಪಾನಿನ ಅಕಿರಾ ಎಂಡೋ ಅವರಿಗೆ ಸಿಕ್ಕಿದ್ದು ಅಕ್ಕಿಗೆ ಹಿಡಿದ ಬೂಸ್ಟಿನಲ್ಲಿ, ಆರು ಸಾವಿರದಷ್ಟು ಬೂಸ್ಟುಗಳನ್ನು ಸೋಸಿದ ಮೇಲೆ.

ಒಟ್ಟು ಕೊಲೆಸ್ಟರಾಲ್ ಒಂದನ್ನೇ ನೋಡುವುದು ನಮ್ಮವರಿಗೆ ಎಷ್ಟು ಸಾಲದು ಎಂಬುದು 2014ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ಕಣ್ಣಿಗೆ ಹೊಡೆಯುವಂತಿದೆ. ಮಹಾರಾಷ್ಟ್ರವೂ ಅದರಲ್ಲಿತ್ತು. ಒಟ್ಟು ಕೊಲೆಸ್ಟರಾಲ್ ಹೆಚ್ಚಿದ್ದವರು ನೂರಕ್ಕೆ 14ರಷ್ಟು. ಎಚ್‌ಡಿಎಲ್ ಕಡಿಮೆ ಇದ್ದವರು ನೂರಕ್ಕೆ 72. ಯಾವುದಾದರೊಂದು ಏರುಪೇರು ಇದ್ದವರು 79. ನಾನು ನಾರ್ಮಲ್ ಎಂದು ಸಹಿ ಹಾಕಿಕೊಟ್ಟ ಕಾಗದಗಳನ್ನೆಲ್ಲ ಇದನ್ನು ಓದಿದ ರಾತ್ರಿ ನೆನೆಸಿಕೊಂಡೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಸಲೀಂ ಯೂಸುಫ್ 52 ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲೇ ಹೇಳಿತ್ತು: ಕೊಬ್ಬಿನ ಮೂಟೆಗಳನ್ನು ಹೊರುವ ಪ್ರೋಟೀನುಗಳ, ಅಂದರೆ ಅಪೊ ಬಿ ಮತ್ತು ಅಪೊ ಎ-1ರ ಅನುಪಾತವೇ ಎಲ್ಲಕ್ಕಿಂತ ದೊಡ್ಡ ಸೂಚಕ, ಬೀಡಿ ಸಿಗರೇಟು ಅದರ ನಂತರ.

ಈಗ ಹೊಸದೊಂದು ಸಾಲು ಸೇರಿದೆ. ಲಿಪೊಪ್ರೋಟೀನ್ ಎ, ಹೆಚ್ಚಿದ್ದರೆ ಹೃದಯಕ್ಕೆ ಅಪಾಯ ತರುವ ಇನ್ನೊಂದು ಬಗೆಯ ಮೂಟೆ. ನಾರ್ವೆಯ ಕೋರೆ ಬರ್ಗ್ ಅದನ್ನು ಕಂಡದ್ದು 1963ರಲ್ಲಿ, ಮಾವನವರು ಹೋಗಿ ಎರಡು ವರ್ಷಕ್ಕೆ. ಊಟ, ವ್ಯಾಯಾಮ ಯಾವುದಕ್ಕೂ ಅದು ಹೆಚ್ಚು ಜಗ್ಗುವುದಿಲ್ಲ. ತಂದೆ ತಾಯಿಯಿಂದ ಬಂದದ್ದು ಬಂದಷ್ಟೇ ಇರುತ್ತದೆ. 2024ರಲ್ಲಿ ಭಾರತದ ಹೃದ್ರೋಗ ತಜ್ಞರ ಸಂಘ ಜೀವಮಾನದಲ್ಲಿ ಒಂದು ಸಲವಾದರೂ ಇದನ್ನು ನೋಡಿಸಿ ಎಂದಿತು. ಡೆಸಿಲೀಟರಿಗೆ 50 ಮಿಲಿಗ್ರಾಂ ಮೀರಿದವರು ನಮ್ಮಲ್ಲಿ ನಾಲ್ಕಕ್ಕೆ ಒಬ್ಬರು.

ಮಗನಿಗೆ 44 ತುಂಬಿತು. ಮಾಡಿಸು ಎಂದೆ. 86 ಬಂತು. ನನ್ನಿಂದ ಬಂದಿರಬಹುದು ಎಂದು ನಾನೂ ಕೊಟ್ಟು ಬಂದೆ, 11. ಆಮೇಲೆ ನಮ್ಮ ಯಜಮಾನರನ್ನು ಕರೆದುಕೊಂಡು ಹೋದೆ. ಈಗಿನ ಲ್ಯಾಬಿನ ಹುಡುಗಿ ಗಾಜಿನಾಚೆ ಕೂತು ಬಾರ್‌ಕೋಡ್ ಅಂಟಿಸಿದಳು, ಸೀರಮ್ಮಿನ ಬಣ್ಣ ನೋಡಲು ಯಾರೂ ಟ್ಯೂಬು ಎತ್ತಿ ಹಿಡಿಯಲಿಲ್ಲ. ಸಂಜೆ ಮೊಬೈಲಿಗೆ ರಿಪೋರ್ಟು ಬಂತು. ಇವರದು 92.

ಇವರು ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ಗೋಡೆಯ ಮೇಲೆ ರೈಲ್ವೆ ಕೋಟಿನಲ್ಲಿದ್ದ ಮಾವನವರ ಫೋಟೋ ನೋಡಿದರು.

"ಅಪ್ಪಂದೂ ಹಿಂಗೇ ಇತ್ತೇನು?"

"ಇದ್ದಿರಬೇಕು" ಎಂದೆ. ಮಗನಿಗೆ ಫೋನ್ ಹಚ್ಚಿ, ಈ ವಾರವೇ ಡಾಕ್ಟರ ಹತ್ತಿರ ಹೋಗಬೇಕು, ಮೂರೂ ರಿಪೋರ್ಟು ತಗೊಂಡು ಹೋಗು, ಅಜ್ಜ 46ಕ್ಕೆ ಹೋದದ್ದನ್ನೂ ಬರೆಸು ಎಂದು ಹೇಳಿದೆ.