ಇಪ್ಪತ್ತಕ್ಕೆ ಮುದಿ, ಐವತ್ತಕ್ಕೆ ಪರಂಪರೆ

ಕಳೆದ ಮಳೆಗಾಲದಲ್ಲಿ ಒಂದು ಹಳೆಯ ಕಾರು ಕೊಳ್ಳಬೇಕೆಂದು ತೀರ್ಮಾನಿಸಿದೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕಾರು ಇಟ್ಟವರಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಪಿಎಚ್‌ಡಿ ಮಾಡುವ ಹುಡುಗಿ ಕಾರು ಹುಡುಕುತ್ತಿದ್ದಾಳೆ ಎಂಬುದು ನಾಲ್ಕು ದಿನ ಓಡುವ ಸುದ್ದಿ.

ಕಾರಣ ನನ್ನ ಸಂಶೋಧನೆ. 1948ಕ್ಕೂ ಮುಂಚೆ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ. ಗದಗ ಮತ್ತು ಮುಂಡರಗಿ ಬ್ರಿಟಿಷರ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಮುಂಡರಗಿ ದಾಟಿ ಪೂರ್ವಕ್ಕೆ ಹೋದರೆ ಕೊಪ್ಪಳ, ನಿಜಾಮರ ಸೀಮೆ. ಈಗ ಒಂದು ಮಧ್ಯಾಹ್ನದಲ್ಲಿ ಸುತ್ತಿ ಬರಬಹುದಾದ ನೆಲದಲ್ಲಿ ಆಗ ನಾಲ್ಕು ಆಡಳಿತಗಳಿದ್ದವು. ಅವುಗಳ ಗಡಿಯ ಮೇಲಿದ್ದ ಹಳ್ಳಿಗಳ ಬಗ್ಗೆ ನಾನು ಬರೆಯುತ್ತಿದ್ದೇನೆ. ತಾಲೂಕು ಊರುಗಳಿಗೆ ಬಸ್ಸಿಗೆ ಕೊರತೆಯಿಲ್ಲ, ಹಳ್ಳಿಗಳದ್ದೇ ತೊಂದರೆ. ಹಿರಿಯರೊಬ್ಬರು ಮಾತಿಗೆ ಕೂತು, ಮನೆಯ ಟ್ರಂಕಿನಿಂದ ಹಳೆಯ ಕಾಗದ ತೆಗೆಯುವ ಹೊತ್ತಿಗೆ ಸರಿಯಾಗಿ ಕೊನೆಯ ಬಸ್ಸಿನ ವೇಳೆಯಾಗಿರುತ್ತದೆ. ಅದು ತಪ್ಪಿದರೆ ಬೆಳಗಿನ ವಸ್ತಿ ಬಸ್ಸೇ ಗತಿ. ಎರಡು ಸಲ ಹಾಗೆ ಅಪರಿಚಿತರ ಮನೆಯಲ್ಲಿ ಉಳಿದೆ. ಅವರು ಪ್ರೀತಿಯಿಂದಲೇ ನೋಡಿಕೊಂಡರು, ಆದರೆ ಇಲ್ಲಿ ಅವ್ವ ನಿದ್ದೆ ಮಾಡಲಿಲ್ಲ.

ಫೆಲೋಶಿಪ್ಪಿನಲ್ಲಿ ಉಳಿಸಿದ 60 ಸಾವಿರ, ಅವ್ವನ ಭಿಶಿಯ 30 ಸಾವಿರ, ಒಟ್ಟು 90 ಸಾವಿರ ಕೈಯಲ್ಲಿತ್ತು. ಇಷ್ಟು ಹಳೆಯ ಗಾಡಿಗೆ ಬ್ಯಾಂಕಿನ ಸಾಲದ ಮಾತೇ ಇಲ್ಲ. ರಿಪೇರಿಗೆ 15 ಸಾವಿರ ಬದಿಗಿಟ್ಟು ಮೂರು ಷರತ್ತು ಬರೆದುಕೊಂಡೆ: ಬೆಲೆ 75 ಸಾವಿರ ಮೀರಬಾರದು, ದಿನಾ ಓಡಬೇಕು, ಓಡಿಸುವಾಗ ಮಜಾ ಬರಬೇಕು. ಮೊದಲ ಎರಡನ್ನು ಗದಗಿನ ಏಜೆಂಟರು ತಲೆಯಾಡಿಸಿ ಕೇಳಿಸಿಕೊಂಡರು. ಮೂರನೆಯದಕ್ಕೆ ಒಬ್ಬರು ನಕ್ಕೇಬಿಟ್ಟರು. "ಅಕ್ಕಾರ, ಮೈಲೇಜ್ ಕೇಳ್ರಿ, ಎಸಿ ಕೇಳ್ರಿ. ಮಜಾ ಅಂದ್ರ ಏನಂತ ಹುಡುಕೂದ್ರಿ?"

ಅವರ ಮಾತಿನಲ್ಲಿ ಒಂದು ಇತಿಹಾಸವಿದೆ. ನಮ್ಮ ಕಡೆ ಮೋಟಾರು ಎಂದರೆ ದುಡಿಮೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಸಾರಿಗೆ ವ್ಯವಹಾರ ಶುರುಮಾಡಿದ್ದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಲಾರಿ, ಬಸ್ಸು, ಟಂಟಂ, ಟ್ರ್ಯಾಕ್ಟರುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಸಿಗುತ್ತಾರೆ. ಕಾರು ಮಾತ್ರ ಮದುವೆಗೆ, ದವಾಖಾನೆಗೆ ಬಾಡಿಗೆ ಹಿಡಿಯುವ ವಸ್ತು. ಅಪ್ಪ ಮೊದಲ ಸಲ ಕಾರಿನಲ್ಲಿ ಕೂತದ್ದು ತನ್ನ ಮದುವೆಯ ದಿನ, ಬಾಡಿಗೆಯ ಅಂಬಾಸಿಡರಿನಲ್ಲಿ.

ಜೊತೆಗೆ ಬರಲು ಒಪ್ಪಿದವರು ನಮ್ಮ ಓಣಿಯ ಆಚೆ ಗ್ಯಾರೇಜ್ ಇಟ್ಟಿರುವ ಮಿಸ್ತ್ರಿ. ಚಿಕ್ಕಂದಿನಿಂದ ಅವರನ್ನು ಚಾಚಾ ಎಂದೇ ಕರೆಯುತ್ತೇನೆ. "ಬಣ್ಣ ನೋಡಬ್ಯಾಡವಾ, ಪತ್ರಾ ನೋಡು. ಗಾಡಿ ಬಿಸಿ ಮಾಡಿ ಇಟ್ಟಿದ್ರ ಅಲ್ಲಿಂದ ಎದ್ದು ಬಾ" ಎಂಬುದು ಅವರು ಹೇಳಿದ ಮೊದಲ ಪಾಠ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗಲೇ ಅದರ ನಿಜ ತಿಳಿಯುತ್ತದೆ. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ.

ಮೊದಲು ಲಕ್ಷ್ಮೇಶ್ವರದಲ್ಲಿ ಒಂದು ಮಾರುತಿ 800 ನೋಡಿದೆವು. 1996ರ ಮಾಡೆಲ್, ನಂಬರ್ ಕೆಎ 25. ಗದಗ ಜಿಲ್ಲೆಯಾದದ್ದು 1997ರಲ್ಲಿ. 25 ಧಾರವಾಡದ ನಂಬರು, 26 ಗದಗಿನದು. ಕೆಎ ಎಂಬ ಎರಡಕ್ಷರ ಬಂದದ್ದೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಂದ. ನಂಬರ್ ಪ್ಲೇಟು ನೋಡಿ ಕಾಲ ಹೇಳುವುದು ಲಿಪಿ ನೋಡಿ ಶಾಸನದ ಕಾಲ ಹೇಳುವುದಕ್ಕಿಂತ ಸುಲಭ.

ಅದರ ಆರ್‌ಸಿ ಹಳೆಯ ಕಾಗದದ ಪುಸ್ತಕ. ಪುಟಪುಟಕ್ಕೂ ಠಸ್ಸೆ, ಸಹಿ, ವರ್ಗಾವಣೆಯ ತಾರೀಖು. ಮೊದಲ ಒಡೆಯ ಹುಬ್ಬಳ್ಳಿಯವರು. ಎರಡನೆಯವರು ಸಾಲ ಮಾಡಿ ಕೊಂಡಿದ್ದರು, ಸಾಲ ಕೊಟ್ಟವರ ಹಕ್ಕು ನಮೂದಾಗಿತ್ತು, ಮೂರು ವರ್ಷದ ನಂತರ ಅದನ್ನು ತೆಗೆದ ನಮೂದೂ ಇತ್ತು. ಮೂರನೆಯವರು ಲಕ್ಷ್ಮೇಶ್ವರದವರು. ನಾಲ್ಕನೆಯವರು ಪಕ್ಕದ ಹಳ್ಳಿಯವರು. ದೊಡ್ಡ ಊರಿನಿಂದ ಸಣ್ಣ ಊರಿಗೆ, ಸಣ್ಣ ಊರಿನಿಂದ ಹಳ್ಳಿಗೆ ಆ ಕಾರು ಮೆಟ್ಟಿಲಿಳಿದು ಬಂದಿತ್ತು.

ಆ ಪುಸ್ತಕ ಹಿಡಿದು ನಿಂತಾಗ ಅನ್ನಿಸಿತು, ನಾವು ಓದಿರುವ ಭಾರತದ ಕಾರಿನ ಇತಿಹಾಸದಲ್ಲಿ ಈ ಮೆಟ್ಟಿಲುಗಳೇ ಇಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿ ಕೊಟ್ಟರು, ಬೆಲೆ ಸುಮಾರು 50 ಸಾವಿರ ರೂಪಾಯಿ, ಮಧ್ಯಮ ವರ್ಗಕ್ಕೆ ಕಾರು ಬಂತು ಎಂದು ಓದುತ್ತೇವೆ. 2014ರಲ್ಲಿ 800ರ ತಯಾರಿಕೆ ನಿಂತಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಕಾರ್ಖಾನೆಯಿಂದ ಹೊರಬಂದ ಕಾರು ಎರಡನೆಯ, ಮೂರನೆಯ, ನಾಲ್ಕನೆಯ ಮನೆಗೆ ಹೋದಾಗಲೇ ನಮ್ಮಂಥವರ ಕಥೆ ಶುರುವಾಗುವುದು. ಹೊಸ ಕಾರಿನ ಶೋರೂಮಿಗೆ ಎಂದೂ ಕಾಲಿಡದ ಎಷ್ಟೋ ಕುಟುಂಬಗಳು ಕಾರಿನವರಾದದ್ದು ಈ ದಾರಿಯಲ್ಲಿ.

ಆ 800 ಮಾತ್ರ ನಮಗೆ ಒದಗಲಿಲ್ಲ. ಚಾಚಾ ಕಾಲಡಿಯ ಮ್ಯಾಟ್ ಎತ್ತಿದರು. ಕೆಳಗಿನ ಪತ್ರಾ ತುಕ್ಕು ಹಿಡಿದು ರಸ್ತೆ ಕಾಣುತ್ತಿತ್ತು. ಆಮೇಲೆ ಚಾಸಿ ನಂಬರಿನ ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿದರು. ಆರ್‌ಟಿಓ ಕೆಲಸಕ್ಕೆ ಬೇಕಾಗುವ ಪ್ರಿಂಟ್ ತೆಗೆಯುವುದು ಹೀಗೆಯೇ. ಕಾಗದದ ಮೇಲೆ ಅಂಕಿಗಳು ಒಂದೊಂದಾಗಿ ಎದ್ದು ಬಂದವು, ಕಲ್ಲಿನಿಂದ ಶಾಸನದ ಪಡಿಯಚ್ಚು ತೆಗೆದ ಹಾಗೆ. ಎರಡು ಅಂಕಿ ಮಾತ್ರ ಏಳಲಿಲ್ಲ, ತುಕ್ಕು ತಿಂದಿತ್ತು. "ನಂಬರ್ ಓದಾಕ ಬರಲಿಲ್ಲಂದ್ರ ಪಾಸಿಂಗ್ ಆಗೂದಿಲ್ಲ. ನಡಿಯವಾ" ಎಂದರು.

ಶಿರಹಟ್ಟಿಯಲ್ಲಿ ನೋಡಿದ್ದು 1968ರ ಫಿಯೆಟ್ 1100 ಡಿಲೈಟ್. ಬೇವಿನ ಮರದ ಕೆಳಗೆ ತಾಡಪಾಲು ಹೊದ್ದು ನಿಂತಿತ್ತು. ನಂಬರ್ ಎಂವೈ ಎಂದು ಶುರುವಾಗುತ್ತಿತ್ತು. ಅಂದರೆ ಮೈಸೂರು ರಾಜ್ಯ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವುದಕ್ಕಿಂತ ಐದು ವರ್ಷ ಮುಂಚಿನ ಗಾಡಿ. ಗೇರು ಸ್ಟೇರಿಂಗಿನ ಪಕ್ಕದಲ್ಲಿ. ನಿವೃತ್ತರಾದ ಒಡೆಯರು ಚಾಲೂ ಮಾಡಿ ತೋರಿಸಿದರು. ಎಂಜಿನ್ ಎರಡು ಸಲ ಕೆಮ್ಮಿ, ಆಮೇಲೆ ಹೊಲಿಗೆ ಯಂತ್ರದ ಹಾಗೆ ಸಮನಾಗಿ ಓಡಿತು.

ಈ ಕಾರಿನ ಹಿಂದೆ ಕನ್ನಡ ನಾಡಿಗೆ ಕೈತಪ್ಪಿದ ಒಂದು ಅವಕಾಶವೂ ಇದೆ. 1930ರ ದಶಕದಲ್ಲೇ ವಿಶ್ವೇಶ್ವರಯ್ಯನವರು ದೇಶದಲ್ಲಿ ಕಾರಿನ ಕಾರ್ಖಾನೆ ಬೇಕೆಂದು ಯೋಜನೆ ಹಾಕಿದ್ದರು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಮೈಸೂರು ಸಂಸ್ಥಾನಕ್ಕೂ ಆಸಕ್ತಿಯಿತ್ತು, ಬ್ರಿಟಿಷ್ ಸರ್ಕಾರ ಬೆಂಬಲಿಸಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ್ದು ವಿಮಾನದ ಕಾರ್ಖಾನೆ, ಇಂದಿನ ಎಚ್‌ಎಎಲ್‌ನ ಮೂಲ. ಕಾರಿಗಾಗಿ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಅಲ್ಲಿ ತಯಾರಾದ ಫಿಯೆಟ್ಟಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೊಸದು ಸಿಗದ ಕಾರಣ ಓಡಿಸಿದ ಗಾಡಿಯೇ ಕಾರ್ಖಾನೆಯ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತಿದ್ದ ಕಾಲ ಅದು.

ಒಡೆಯರು ಹೇಳಿದ ಬೆಲೆ ನನ್ನ ಕೈಯಲ್ಲಿದ್ದುದರ ಮೂರು ಪಟ್ಟು. "ಇದು ಈಗ ವಿಂಟೇಜ್ ಅವಾ" ಎಂದರು. ಅವರು ಹೇಳಿದ್ದು ಸರಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಾಗೆ ನೋಂದಾಯಿಸಿದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ್‍ಯಾಲಿಗೆ ತೆಗೆಯಬಹುದು. ಬಸ್ಸು ತಪ್ಪಿದಾಗ ಹತ್ತಲು ಬರುವುದಿಲ್ಲ.

ಅದೇ ವಾರ, 2025ರ ಆಗಸ್ಟಿನಲ್ಲಿ, ಇನ್ನೊಂದು ಸುದ್ದಿ ಬಂತು. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲಿನಿಂದ 5,000 ಆಯಿತು. ಈಗ 20 ವರ್ಷ ದಾಟಿದ ಕಾರಿಗೆ 10,000. ನನ್ನ ಹಣಕ್ಕೆ ಸಿಗುವ ಗಾಡಿಗಳೆಲ್ಲ ಆಸುಪಾಸು 20 ವರ್ಷದವೇ. ಕೆಲವು ಏಜೆಂಟರು ಬೆಲೆ ಇಳಿಸಿದರು. ಕೆಲವರು "ಬಿಡ್ರಿ, ಗುಜರಿಗೆ ಹಾಕ್ತೇವಿ" ಎಂದರು.

ಸರ್ಕಾರದ ಕಾರಣಗಳನ್ನು ತಳ್ಳಿಹಾಕಲಾರೆ. ಹಳೆಯ ಗಾಡಿ ಹೆಚ್ಚು ಹೊಗೆಯುಗುಳುತ್ತದೆ. ಅಪಘಾತವಾದರೆ ಒಳಗಿದ್ದವರನ್ನು ಹೊಸ ಗಾಡಿಯಷ್ಟು ಕಾಯುವುದಿಲ್ಲ. ಲಕ್ಷ್ಮೇಶ್ವರದ ಆ 800ರಲ್ಲಿ ನನ್ನ ಅವ್ವನನ್ನು ನಾನೇ ಕೂರಿಸುತ್ತಿರಲಿಲ್ಲ. ಆದರೆ ವಯಸ್ಸೊಂದನ್ನೇ ಅಳತೆ ಮಾಡಿದರೆ, ಚೆನ್ನಾಗಿ ನೋಡಿಕೊಂಡ ಗಾಡಿಗೂ ಕೆಟ್ಟ ಗಾಡಿಗೂ ಒಂದೇ ದಂಡ ಬೀಳುತ್ತದೆ. 10 ಲಕ್ಷದ ಕಾರಿನವರಿಗೆ 10,000 ರೂಪಾಯಿ ಒಂದು ಸಣ್ಣ ಖರ್ಚು, 75 ಸಾವಿರದ ಕಾರಿನವರಿಗೆ ಗಾಡಿಯ ಏಳನೆಯ ಒಂದು ಪಾಲಿಗೆ ಹತ್ತಿರ.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಕಾಡಿದ್ದು ಬೇರೆ. 20ಕ್ಕೆ ಮುದಿಯಾದ ಕಾರು 50ಕ್ಕೆ ಪರಂಪರೆಯಾಗುತ್ತದೆ. ನಡುವಿನ 30 ವರ್ಷ ಅದನ್ನು ಯಾರು ಉಳಿಸುತ್ತಾರೆ? ಹಳ್ಳಿಗಳಲ್ಲಿ ಶಾಸನದ ಕಲ್ಲುಗಳಿಗೆ ಆದದ್ದೂ ಇದೇ. ಕೆತ್ತಿಸಿದ ಅರಸರ ಹೆಸರು ಪುಸ್ತಕದಲ್ಲಿದೆ, ಓದಿ ಪ್ರಕಟಿಸಿದ ವಿದ್ವಾಂಸರ ಹೆಸರೂ ಇದೆ. ನಡುವಿನ ನೂರಾರು ವರ್ಷ ಅದು ಬರೀ ಹಳೆಯ ಕಲ್ಲು. ಯಾರೋ ಅದನ್ನು ಬಟ್ಟೆ ಒಗೆಯಲು ಹಾಕಿಕೊಂಡರು, ಯಾರೋ ಗುಡಿಯ ಗೋಡೆಗೆ ಆನಿಸಿ ಕುಂಕುಮ ಹಚ್ಚಿದರು. ಒಡೆದು ಹಾಕಲಿಲ್ಲವಾದ್ದರಿಂದ ನಮ್ಮ ಕೈಗೆ ಬಂತು. ಶಿರಹಟ್ಟಿಯ ಫಿಯೆಟ್ ಕೂಡ 1990ರ ಹೊತ್ತಿಗೆ ಯಾರಿಗೂ ಬೇಡವಾದ ಡಬ್ಬಾ ಆಗಿತ್ತು ಎಂದು ಒಡೆಯರೇ ಹೇಳಿದರು. ಆಗ ಅದನ್ನು ದಿನಾ ಓಡಿಸಿ, ಬಿಡಿಭಾಗ ಸಿಗದಾಗ ಲೇತಿನಲ್ಲಿ ಮಾಡಿಸಿ ಹಾಕಿದ್ದು ಒಬ್ಬ ಮಿಸ್ತ್ರಿ.

ಸೆಪ್ಟೆಂಬರಿನಲ್ಲಿ ಮುಂಡರಗಿಯಿಂದ ಕರೆ ಬಂತು. 2003ರ ಮಾರುತಿ ಝೆನ್, ಮೂರನೆಯ ಒಡೆಯರು, ಬೀಜ ಗೊಬ್ಬರದ ಅಂಗಡಿಯವರು. ಗಾಡಿ ಬಿಸಿ ಮಾಡಿರಲಿಲ್ಲ. ಚಾಚಾ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿ ತಲೆಯಾಡಿಸಿದರು. ಆಯಿಲ್ ಮುಚ್ಚಳ ತೆಗೆದರು, ಒಳಗೆ ಬಿಳಿ ನೊರೆಯಿರಲಿಲ್ಲ. ಮ್ಯಾಟ್ ಎತ್ತಿದರು, ಪತ್ರಾ ಗಟ್ಟಿ. ಪೆನ್ಸಿಲ್ ತಿಕ್ಕಿದರು, ಎಲ್ಲ ಅಂಕಿ ಎದ್ದವು. 2023ರಲ್ಲಿ ನವೀಕರಣವಾಗಿತ್ತು, 2028ರ ಮಾರ್ಚಿನವರೆಗೆ ಚಾಲ್ತಿ.

ಝೆನ್ 1993ರಲ್ಲಿ ಬಂದು 2006ರಲ್ಲಿ ನಿಂತ ಕಾರು. ಇಲ್ಲಿ ತಯಾರಾಗಿ ಯುರೋಪಿಗೆ ಆಲ್ಟೊ ಎಂಬ ಹೆಸರಿನಲ್ಲಿ ರಫ್ತಾಗುತ್ತಿತ್ತು. 993 ಸಿಸಿಯ ನಾಲ್ಕು ಸಿಲಿಂಡರ್ ಅಲ್ಯೂಮಿನಿಯಂ ಎಂಜಿನ್, 800 ಕಿಲೋ ಮೀರದ ತೂಕ, ನೆಲಕ್ಕೆ ಹತ್ತಿರ ಕೂತ ಮೈ. ಈ ಮೂರೂ ಸೇರಿದಾಗ ಏನಾಗುತ್ತದೆಂದು ಕಪ್ಪತಗುಡ್ಡದ ಮಗ್ಗುಲಿನ ರಸ್ತೆಯಲ್ಲಿ ತಿಳಿಯಿತು. ಗಾಳಿಯಂತ್ರಗಳು ಗುಡ್ಡದ ಮೇಲೆ ತಿರುಗುತ್ತಿದ್ದವು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದಷ್ಟೇ ಗಾಡಿ ತಿರುಗಿತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೆಯ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ನಿನ ದನಿ ಏರಿತು, ನಾನು ನಗತೊಡಗಿದೆ. ವೇಗ 60 ದಾಟಿರಲಿಲ್ಲ. ಪಕ್ಕದಲ್ಲಿದ್ದ ಚಾಚಾ ಹೇಳಿದರು, "ಏಜೆಂಟಗ ಹೋಗಿ ಹೇಳು, ಮಜಾ ಅಂದ್ರ ಇದು ಅಂತ."

85 ಸಾವಿರ ಕೇಳಿದರು, 72ಕ್ಕೆ ಇಳಿಯಿತು. ಸಂಚಕಾರ ಕೊಡುವ ಮುನ್ನ ಅಪ್ಪನನ್ನು ಒಂದು ಮಾತು ಕೇಳುತ್ತೇನೆಂದೆ.

ಅಪ್ಪ ಮಗ್ಗದ ಮುಂದಿದ್ದ. ಎಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಮಂದಿ ಬಿಟ್ಟ ಗಾಡಿಗೆ ಅಷ್ಟು ದುಡ್ಡು ಸುರಿಯುತ್ತೀಯಾ ಎಂದು ಕೇಳುತ್ತಾನೆಂದು ಉತ್ತರ ಕಟ್ಟಿಕೊಂಡು ನಿಂತಿದ್ದೆ. ಅವನು ಮಗ್ಗ ನಿಲ್ಲಿಸಿದ. "ಇದನ್ನ ಇಚಲಕರಂಜಿಯಿಂದ ತಂದಾಗ ಇದಕ್ಕ ಎಷ್ಟ ವಯಸ್ಸಾಗಿತ್ತು ಗೊತ್ತೇನು? ಅಲ್ಲೆ ಒಬ್ಬಾಂವ ಗುಜರಿಗೆ ಹಾಕಾಂವ ಇದ್ದ. ನಿನ್ನ ಕಾಲೇಜಿನ ಫೀ ಇದೇ ಕಟ್ಟೇತಿ." ಆಮೇಲೆ ಕೇಳಿದ, "ಸಾಮಾನು ಸಿಗತಾವೇನು ಅದಕ್ಕ? ನೋಡ್ಕೊಳ್ಳಾಂವ ಅದಾನೇನು?"

ಎರಡು ತಿಂಗಳಲ್ಲಿ ನನಗೆ ಯಾರೂ ಕೇಳದಿದ್ದ ಸರಿಯಾದ ಪ್ರಶ್ನೆಗಳು ಅವು. ಸಾಮಾನು ಸಿಗುತ್ತವೆ, ಚಾಚಾ ಇದ್ದಾರೆ ಎಂದೆ. "ಹಂಗಾದ್ರ ತಗೋ" ಎಂದು ಮಗ್ಗ ಚಾಲೂ ಮಾಡಿದ.

ಕಾಗದಪತ್ರ ನನ್ನ ಹೆಸರಿಗಾಗಿವೆ. ನಾನು ನಾಲ್ಕನೆಯ ಒಡತಿ. ಈಗ ಬಂಕಿನಲ್ಲಿ ಸಿಗುವುದು 20 ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲ್, ಈ ಎಂಜಿನ್ ಅದಕ್ಕಾಗಿ ಮಾಡಿದ್ದಲ್ಲ. ಚಾಚಾ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ್ದಾರೆ, ಆರು ತಿಂಗಳಿಗೊಮ್ಮೆ ತೋರಿಸಲು ಹೇಳಿದ್ದಾರೆ. ಕಳೆದ ವಾರ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ಸಾಂಗ್ಲಿ ಸಂಸ್ಥಾನದ ಕಾಲದ ಕಂದಾಯದ ರಸೀದಿಗಳನ್ನು ಹರಡಿಕೊಂಡು ರಾತ್ರಿ ಎಂಟೂವರೆಯವರೆಗೆ ಮಾತಾಡಿದರು. ನಾನು ಗಡಿಯಾರ ನೋಡಲಿಲ್ಲ.

2028ರ ಮಾರ್ಚಿನ 10,000 ರೂಪಾಯಿಗಾಗಿ ಅವ್ವನ ಭಿಶಿಗೆ ತಿಂಗಳಿಗೆ 350 ಕಟ್ಟುತ್ತಿದ್ದೇನೆ. ಅಷ್ಟರಲ್ಲಿ ಶುಲ್ಕ ಮತ್ತೆ ಏರದಿದ್ದರೆ ಲೆಕ್ಕ ಸರಿಹೋಗುತ್ತದೆ.