ಗುಡ್‌ಬೈ

ಇಂಗ್ಲಿಷಿನ ‘ಗುಡ್‌ಬೈ’ಯೊಳಗಿನ ‘ಗುಡ್’ ಮೂಲದಲ್ಲಿ ‘ಗಾಡ್’. ‘ಗಾಡ್ ಬಿ ವಿತ್ ಯೀ’, ಅಂದರೆ ದೇವರು ನಿಮ್ಮ ಜೊತೆಗಿರಲಿ ಎಂಬ ಹಾರೈಕೆ, 16ನೇ ಶತಮಾನದ ಕೊನೆಯ ಹೊತ್ತಿಗೆ ಬಾಯಿಂದ ಬಾಯಿಗೆ ಸವೆದು ಒಂದೇ ಪದವಾಯಿತು. ಮುಂದೆ ‘ಗುಡ್ ಡೇ’, ‘ಗುಡ್ ಈವ್ನಿಂಗ್’ಗಳ ಸಹವಾಸದಲ್ಲಿ ದೇವರು ಎದ್ದುಹೋಗಿ ಆ ಜಾಗದಲ್ಲಿ ಒಳಿತು ಬಂದು ಕೂತಿತು.

ಇಂದಿನ ಮಾತಿನಲ್ಲಿ ಪೂರ್ತಿ ‘ಗುಡ್‌ಬೈ’ಗೆ ಕೊಂಚ ಬಿಗುಮಾನ, ಕೆಲವೊಮ್ಮೆ ದೀರ್ಘ ಅಗಲಿಕೆಯ ಛಾಯೆಯೂ ಉಂಟು. ನಾಳೆ ಮತ್ತೆ ಸಿಗುವವರಿಗೆ ‘ಬೈ’ ಅಥವಾ ‘ಸೀ ಯೂ’ ಸಾಕು. ‘ಹೋಗ್ತೀನಿ’ ಅನ್ನಲಾರದೆ ‘ಬರ್ತೀನಿ’ ಅನ್ನುವ ನಮಗೆ ಈ ‘ಸೀ ಯೂ’ ಬೇಗ ಒಗ್ಗುತ್ತದೆ.

ಎಡವುವುದು ‘ಗುಡ್ ನೈಟ್’ ಬಳಿ. ಅದು ಬೀಳ್ಕೊಡುವ ಮಾತು. ರಾತ್ರಿ ಎಂಟಕ್ಕೆ ಊಟಕ್ಕೆ ಬಂದವರಿಗೆ ‘ಗುಡ್ ಈವ್ನಿಂಗ್’ ಅನ್ನಬೇಕು. ‘ಗುಡ್ ನೈಟ್’ ಅಂದರೆ ಬಾಗಿಲಲ್ಲೇ ಸಾಗಹಾಕಿದಂತೆ.